ತಗಡಿಲ್ಲದ ಜಾಕೆಟ್ಟೂ ನನ್ನ ರೇಷ್ಮೆ ಕವಚವೂ

ಮಾನ್ಯ ರಕ್ಷಣಾ ಸಾಮಗ್ರಿ ಖರೀದಿ ಅಧಿಕಾರಿಗಳೇ,

ತಾವು ಕೊಟ್ಟಿರುವ ಗುಂಡುನಿರೋಧಕ ಜಾಕೆಟ್ಟಿನ ಭಾರ ತಾಳಲಾರದೆ ನನ್ನ ಮಗಳು ಅದರೊಳಗಿನ ಉಕ್ಕಿನ ತಗಡನ್ನು ಕಿತ್ತಿಟ್ಟು, ಬರೀ ಬಟ್ಟೆ ತೊಟ್ಟು ಆಂಧ್ರದ ಗಡಿಯಲ್ಲಿ ಲಾರಿ ತಡೆಯುತ್ತಿದ್ದಾಳೆ. ಇದೇ ನನ್ನ ದೂರು. ಮಗಳು ಮೇಘನ ಪೊಲೀಸ್ ಪೇದೆ. ಅವಳಿಗೆ ಮುದ್ದೆ, ಸೊಪ್ಪಿನ ಸಾರು ಕೊಡಲು ನಂಗಲಿ ದಾಟಿ ಹೋದಾಗ ಆ ತಗಡು ಚೆಕ್‌ಪೋಸ್ಟಿನ ಚಪ್ಪರಕ್ಕೆ ಹೊದಿಸಿದ ಟಾರ್ಪಾಲು ಹಾರದಂತೆ ಕಾಯುತ್ತಿತ್ತು. ಕೇಳಿದರೆ, “ಸುಮ್ನಿರಪ್ಪ, ಅದನ್ನ ಹಾಕ್ಕೊಂಡು ಓಡೋಕಾಗಲ್ಲ. ಖರೀದಿ ಸಾಹೇಬ್ರು ನೋಡೋಕೆ ಬಂದಾಗ ಹಾಕ್ಕೋತೀವಿ” ಅಂದಳು. ತಮ್ಮ ಮೇಲಿನ ಈ ಗೌರವಕ್ಕೆ ನಾನು ಹೆಮ್ಮೆಪಡಬೇಕೋ, ಎದೆ ಬಡಿದುಕೊಳ್ಳಬೇಕೋ?

ಮನೆಗೆ ಬಂದವನೇ ಮೊಬೈಲಿನಲ್ಲಿ ಹುಡುಕಿ ಓದಿದೆ. ನೀರಿನ ಮೇಲೆ ತೇಲುವಷ್ಟು ಹಗುರವಾದ ನೂಲಿನಿಂದ ಗುಂಡು ತಡೆಯುವ ಹಲಗೆ ಮಾಡುತ್ತಾರಂತೆ. ಒಂದು ಕಾಲದಲ್ಲಿ ರೇಷ್ಮೆಯನ್ನೇ ಪದರಪದರವಾಗಿ ಹೊಲಿದು ಕವಚ ಮಾಡುತ್ತಿದ್ದರಂತೆ. ನನ್ನ ತಲೆ ಕೆಡಲು ಅಷ್ಟು ಸಾಕಾಯಿತು. ಹುತ್ತೂರಿನಲ್ಲಿ ರೇಷ್ಮೆ ಹುಳು ಸಾಕಿಯೇ ಕೂದಲು ನೆರೆಸಿಕೊಂಡವನು ನಾನು. ತಮಗೆ ಹೊಳೆಯದ್ದು ನನಗೆ ಹೊಳೆಯಿತು ಅಂದುಕೊಂಡೆ. ಬೆರಳಿಗೆ ಬಗ್ಗದ ಗಟ್ಟಿ ಗೂಡುಗಳನ್ನೇ ಆರಿಸಿ, ನನ್ನ ಮದುವೆಯ ಕೋಟಿನ ಅಸ್ತರಿನೊಳಗೆ ಒತ್ತೊತ್ತಾಗಿ ತುಂಬಿ ಹೊಲಿದೆ. ಮಗಳು ರಜೆಗೆ ಬಂದಾಗ ಕೊಡೋಣವೆಂದು ಬೀರುವಿನಲ್ಲಿ ಬಚ್ಚಿಟ್ಟೆ.

ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆಯುವ ಮುಂಚೆ ಮಾರುಕಟ್ಟೆಗೆ ಸಾಗಿಸಬೇಕೆಂದು ಊರಿಗೆಲ್ಲ ಬುದ್ಧಿ ಹೇಳುವವನು, ನನ್ನ ಕೋಟಿನ ವಿಷಯದಲ್ಲಿ ಅದನ್ನೇ ಮರೆತೆ. ಒಂದು ಬೆಳಿಗ್ಗೆ ಹೆಂಡತಿ ಅಕ್ಕಯಮ್ಮ ಬೀರು ತೆಗೆದವಳು, “ಏಮಯ್ಯಾ, ನಿನ್ ಕೋಟು ಮೊಟ್ಟೆ ಇಕ್ತಾ ಐತೆ, ಬಂದು ನೋಡು” ಅಂದಳು. ಚಿಟ್ಟೆಗಳು ಹೊಲಿಗೆಯ ಸಂದಿಯಿಂದ ಹೊರಬಂದು ಅವಳ ಧಾರೆ ಸೀರೆಯ ಮೇಲೆ ಸಂಸಾರ ಹೂಡಿದ್ದವು. ಗುಂಡು ನಿಲ್ಲಿಸಬೇಕಾದ ನನ್ನ ಕವಚವನ್ನು ಚಿಟ್ಟೆಗಳು ಒಳಗಿನಿಂದಲೇ ಎಂಜಲು ಹಚ್ಚಿ ಮೆತ್ತಗೆ ಮಾಡಿ ತೂತು ಕೊರೆದಿದ್ದವು.

ಮೇಘನ ರಜೆಗೆ ಬಂದು, ಆ ಕೋಟನ್ನು ತೊಟ್ಟು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಅಷ್ಟು ಭಯನಾಪ್ಪ ನಿಂಗೆ?” ಅಂದಳು. ಹೌದು ಸ್ವಾಮಿ, ಭಯ. ನಾನು ಪೆದ್ದನೆಂಬುದಕ್ಕೆ ಇಡೀ ಹುತ್ತೂರು ಸಾಕ್ಷಿಯಿದೆ. ಬಲ್ಲವರಾದ ತಾವೇಕೆ ಸುಮ್ಮನಿದ್ದೀರಿ?

ಹಗುರವಾದ ಹೊಸ ಜಾಕೆಟ್ ಕೊಡಿ. ಅದು ಬರುವವರೆಗೆ ತಾವು ದಿನವೂ ಗಡಿಗೆ ತಪಾಸಣೆಗೆ ಬನ್ನಿ. ಮುದ್ದೆ ನಾನು ತರುತ್ತೇನೆ. ತಾವು ಎದುರಿಗಿರುವಷ್ಟು ಹೊತ್ತಾದರೂ ನನ್ನ ಮಗಳ ಎದೆಯ ಮೇಲೆ ತಗಡಿರುತ್ತದೆ.

ಇಂತಿ,
ಕೋಟು ಕಳೆದುಕೊಂಡ, ಮಗಳನ್ನು ಕಳೆದುಕೊಳ್ಳಲು ಒಪ್ಪದ
ವೆಂಕಟರಾಯಪ್ಪ, ಹುತ್ತೂರು