ಎರಡು ಕೈಯೂ ಕಾಣುವಷ್ಟು ದೂರ

ಅಕ್ಕಯ್ಯಾ,

ಬದುಕಿದ್ದಾಗ ನನ್ನ ಒಂದು ಮಾತೂ ನಿನ್ನ ಕಿವಿಗೆ ಬಿದ್ದಿಲ್ಲ. ನೀನು ಹುಟ್ಟಿನಿಂದ ಕಿವಿ ಕೇಳದವಳು, ಬಾಯಿ ಬಾರದವಳು. ನಾನೋ, ಬಾಯಿ ಮುಚ್ಚಲು ಬಾರದವನು. ಐವತ್ತು ತುಂಬಿದರೂ ಆ ಚಾಳಿ ಹೋಗಿಲ್ಲ ನೋಡು, ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಈ ಕಾಗದವನ್ನೂ ಫೋನಿಗೆ ಹೇಳುತ್ತಿದ್ದೇನೆ. ಆಮೇಲೆ ಯಾರ ಕೈಯಲ್ಲಾದರೂ ಬರೆಸಿದರಾಯಿತು. ಬರೆಸಿದರೂ ನಿನಗೆ ಅಕ್ಷರ ಎಲ್ಲಿ ಬರುತ್ತಿತ್ತು? ಆದರೂ ಹೇಳದೆ ಇದ್ದರೆ ನನ್ನ ಎದೆ...

ನಾನು ಚಡ್ಡಿ ಹಾಕುವ ಕಾಲಕ್ಕೇ ನೀನೂ ಅವ್ವನೂ ಒಂದು ಕೈಭಾಷೆ ಕಟ್ಟಿಕೊಂಡಿದ್ದಿರಿ. ಯಾವ ಶಾಲೆಯಲ್ಲೂ ಕಲಿಸದ ಭಾಷೆ. ನಮ್ಮ ಮನೆಯ ಹೊಸಿಲು ದಾಟಿದರೆ ಯಾರಿಗೂ ತಿಳಿಯದು. ನೀನು ಒಬ್ಬೊಬ್ಬರಿಗೂ ಒಂದೊಂದು ಗುರುತಿನ ಹೆಸರು ಇಟ್ಟಿದ್ದೆ. ಬಾಯಿ ಹತ್ತಿರ ಬೆರಳು ಪಟಪಟ ಬಡಿದರೆ ನಾನು. ಗಲ್ಲದ ಗುಳಿ ಮುಟ್ಟಿದರೆ ನಿನ್ನ ಮಗಳು ಚೈತ್ರ. ಅಂಗೈಯನ್ನು ಎರಡು ಸಲ ಎದೆಗೆ ತಂದರೆ ‘ಬಾ’.

ನೀನು ಚೈತ್ರಳನ್ನು ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ಬಂದು ನಿಂತ ದಿನ ನೆನಪಿದೆಯಾ? ಅವ್ವ ಏನಾಯಿತು ಅಂತ ಕೇಳಿದಳು. ನೀನು ಬಲಗೈಯಿಂದ ಎಡತೋಳು ಮುಚ್ಚಿಕೊಂಡೆ, ಅಷ್ಟೇ. ಸೆರಗು ಸರಿಸಿ ನೋಡಿದರೆ ತೋಳೆಲ್ಲ ಬಾಸುಂಡೆ. ಅಂದಿನಿಂದ ನಮ್ಮ ಮನೆಯಲ್ಲಿ ತೋಳು ಮುಚ್ಚಿಕೊಂಡರೆ ‘ಹೊಡೆದರು’ ಅಂತ ಅರ್ಥ. ಮತ್ತೆ ಆ ಮನೆಗೆ ನಿನ್ನನ್ನು ಕಳಿಸಲಿಲ್ಲ. ಅವ್ವ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೊಂದು.

ಚೈತ್ರ ಮದುವೆಯಾಗಿ ಪುಣೆ ಕಡೆ ಹೋದಳಲ್ಲ, ಆಗ ನಾನೇ ನಿಮ್ಮಿಬ್ಬರ ಫೋನು. ಅವಳು ಅಲ್ಲಿಂದ ಹೇಳುವುದು, ನಾನು ನಿನಗೆ ಕೈಯಲ್ಲಿ ತೋರಿಸುವುದು, ನೀನು ತೋರಿಸಿದ್ದನ್ನು ಅವಳಿಗೆ ಹೇಳುವುದು. ‘ಅಮ್ಮ ಏನ್ ಅಂತಾಳೆ ಮಾವ?’ ಅಂತ ಅವಳು ಕೇಳುವಷ್ಟರಲ್ಲಿ ನೀನು ನನ್ನ ಭುಜ ಜಗ್ಗುತ್ತಿದ್ದೆ. ತಾಯಿ ಮಗಳ ಮಾತು ಮೂರನೆಯವನ ಬಾಯಲ್ಲಿ ಬಂದರೆ ಅದರಲ್ಲಿ ಏನು ಉಳಿಯುತ್ತದೆ? ಆಮೇಲೆ ಅವಳೇ ನಿನಗೆ ವಿಡಿಯೋ ಕಾಲ್ ಕಲಿಸಿದಳು. ನೀನು ಫೋನನ್ನು ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಿದ್ದೆ, ನಡುಗಿದರೆ ಗೊತ್ತಾಗಲಿ ಅಂತ.

ನಮ್ಮ ಮನೆ ಇರುವುದು ಕೆರೆ ಏರಿಯ ಕೆಳಗಿನ ತಗ್ಗಿನಲ್ಲಿ. ಅಲ್ಲಿಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಿಗ್ನಲ್ ಸಿಗಲಿ ಅಂತ ನೀನು ಬೂದಿಗೆರೆ ರಸ್ತೆಯ ಮೋರಿ ಹತ್ತಿರ ಹೋಗಲು ಶುರು ಮಾಡಿದೆ. ಒಂದು ದಿನ ಟೆಂಪೋದಲ್ಲಿ ಬರುವಾಗ ನಿನ್ನನ್ನು ನೋಡಿ ಬ್ರೇಕ್ ಒತ್ತಿದೆ. ನೀನು ಫೋನನ್ನು ಮೋರಿ ಕಟ್ಟೆಯ ಮೇಲೆ ನಿಲ್ಲಿಸಿ, ಹಿಂದೆ ಕಲ್ಲು ಕೊಟ್ಟು, ಎರಡು ಕೈಯೂ ಮಗಳಿಗೆ ಕಾಣಲಿ ಅಂತ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದೆ. ಮುಖ ಕಟ್ಟೆಗೆ, ಬೆನ್ನು ರಸ್ತೆಗೆ. ಏರ್‌ಪೋರ್ಟ್ ಟ್ಯಾಕ್ಸಿಗಳು ಹಾರ್ನ್ ಹೊಡೆದು ಹೊಡೆದು ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ಆ ವಾರವೇ ಮನೆಗೆ ನೆಟ್ ಹಾಕಿಸಲು ಹೊರಟೆ.

ಹಾಕಲು ಬಂದವನು ಮಾತಿನಲ್ಲಿ ನನ್ನ ತಮ್ಮನಂಥವನು. ಮಾಳಿಗೆ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ತುದಿಗೆ ಬಿಳಿ ಡಬ್ಬಿ ಕಟ್ಟಿ, ಟವರ್ ಇರುವ ದಿಕ್ಕಿಗೆ ತಿರುಗಿಸಿದ. ‘ಟವರ್ರೇ ಗಿಡ್ಡ ಕಣಣ್ಣೋ. ವಿಮಾನ ಇಳಿಯೋ ದಾರಿ, ಎತ್ತರದ್ದು ಹಾಕೋಕ್ ಬಿಡಲ್ಲ. ನಾವೇ ಕತ್ತು ಎತ್ಕೊಂಡು ನೋಡ್ಬೇಕು’ ಅಂದ. ಒಳಗೆ ಸಿಮ್ ಹಾಕಿದ ಪೆಟ್ಟಿಗೆಯನ್ನು ದೇವರ ಗೂಡಿನ ಪಕ್ಕ ಇಟ್ಟು, ಫೋನನ್ನು ನಿನ್ನ ಕೈಗೆ ಕೊಟ್ಟ.

‘ಅಮ್ಮಾ, ಒಂದ್ಸಲ ಹಲೋ ಅನ್ನಿ, ಚೆಕ್ ಮಾಡೋಣ.’

‘ಆಯಮ್ಮ ಹುಟ್ಟಿದಾಗಿಂದ ಹಲೋ ಅಂದಿಲ್ಲ ಗುರು’ ಅಂದೆ.

ಅವನು ನಿನ್ನನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ‘ಹಂಗಾದ್ರೆ ಇಷ್ಟು ಸ್ಪೀಡ್ ಯಾಕಣ್ಣ? ಟೀವಿಗಾ?’

‘ಮಾತಾಡೋಕೆ.’

ಅವನಿಗೆ ಅರ್ಥವಾಗಲಿಲ್ಲ. ಆದರೆ ಚೈತ್ರಳ ಮುಖ ಮೂಡಿ, ನೀನು ಪಡಸಾಲೆಯ ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದು ಕೈ ಆಡಿಸತೊಡಗಿದಾಗ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ನಿಂತುಬಿಟ್ಟ. ಹೋಗುವಾಗ ಹೇಳಿದ: ‘ನಮ್ಮನೇಲಿ ಎಲ್ರಿಗೂ ಬಾಯೈತೆ ಅಣ್ಣ, ಇಷ್ಟು ಮಾತಾಡಲ್ಲ.’ ನೀನು ಅವನಿಗೆ ಚೀಲದ ತುಂಬ ಚಕ್ಕೋತ ಕೊಟ್ಟು ಕಳಿಸಿದೆ. ಪೆಟ್ಟಿಗೆಗೆ ಕುಂಕುಮ ಇಟ್ಟೆ.

ಆ ಕೆಲವು ತಿಂಗಳು ಒಳ್ಳೆಯವು ಅನ್ನಲೇ? ನೀನು ಬೆಳಗ್ಗೆ ಅಡುಗೆ ಮುಗಿಸಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಅಲ್ಲಿ ಚೈತ್ರಳ ಅತ್ತೆ ಬಾಗಿಲಲ್ಲಿ ಬಂದು ನಿಂತು, ‘ಶುರುವಾಯ್ತು ತಾಯಿ ಮಗಳ ಕೋತಿ ಕುಣಿತ’ ಅಂತ ನಗುವುದು ನನಗೆ ಕೇಳುತ್ತಿತ್ತು. ನಿನಗೆ ಕೇಳುತ್ತಿರಲಿಲ್ಲ. ಆ ನಗುವಿನ ಎದುರೇ, ಮುಖದಲ್ಲಿ ಏನೂ ತೋರಿಸದೆ, ಚೈತ್ರ ಒಂದು ದಿನ ಬಲಗೈಯಿಂದ ಎಡತೋಳು ಮುಚ್ಚಿಕೊಂಡಳು.

ಆ ದಿನ ನಾನು ಮನೆಯಲ್ಲಿರಲಿಲ್ಲ, ನೀನು ತೋಟಕ್ಕೆ ಓಡಿ ಬಂದೆ. ನನ್ನ ಕೈಯ ಕತ್ತರಿ ಕಿತ್ತು ಎಸೆದೆ. ತೋಳು ಮುಚ್ಚಿದೆ, ಗಲ್ಲ ಮುಟ್ಟಿದೆ, ಮತ್ತೆ ತೋಳು ಮುಚ್ಚಿದೆ. ನಾನು ಅಳಿಯ ಮಂಜುನಾಥನಿಗೆ ಫೋನ್ ಮಾಡಿದೆ. ‘ಅಯ್ಯೋ ಮಾವ, ಯಾರ್ ಹೇಳಿದ್ದು? ತಗೊಳ್ಳಿ, ಅವಳನ್ನೇ ಕೇಳಿ’ ಅಂತ ಅವಳ ಕೈಗೆ ಕೊಟ್ಟ. ‘ಚೆನ್ನಾಗಿದ್ದೀನಿ ಮಾವ’ ಅಂದಳು. ಬಾಯಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು. ನಾನು ಯಾವುದನ್ನು ನಂಬಲಿ ಅಂತ ನಿನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ಇಬ್ಬರೂ ಬಸ್ಸು ಹತ್ತಿ ಹೋದೆವಲ್ಲ? ಹೋದರೆ ಅವಳೇ ಅಂಗೈ ಕೆಳಗೆ ಮಾಡಿ ತೋರಿಸಿದಳು: ‘ಈಗ ಬೇಡ, ನೋಡೋಣ.’ ಅವರ ಮನೆಯ ಕಾಫಿ ಕುಡಿದು ಬಂದೆವು. ಆಮೇಲೆ ದಿನವೂ ನೀನು ‘ಬಾ’ ಅನ್ನುವುದು, ಅವಳು ಅಂಗೈ ಕೆಳಗೆ ಮಾಡುವುದು. ದಿನವೂ.

ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಆ ಅಪಾರ್ಟ್‌ಮೆಂಟು ಏಳತೊಡಗಿತು. ಮೊದಮೊದಲು ನಮಗೆ ಹೊಳೆಯಲೇ ಇಲ್ಲ. ಒಂದು ಅಂತಸ್ತು ಏರಿದಾಗ ಫೋನಿನಲ್ಲಿ ಚೈತ್ರಳ ಮುಖ ಮಸುಕಾಯಿತು. ಮತ್ತೊಂದು ಏರಿದಾಗ ಕೈಗಳು ತುಂಡು ತುಂಡಾಗಿ ಬರತೊಡಗಿದವು. ಬೇರೆಯವರಾದರೆ ‘ಹಲೋ ಹಲೋ’ ಅಂತ ಅರ್ಧ ಮಾತಾದರೂ ಹಿಡಿಯುತ್ತಾರೆ. ಕೈ ನಿಂತುಹೋದರೆ ನಿನಗೆ ಉಳಿಯುವುದೇನು? ನೆಟ್ ಹಾಕಿದವನನ್ನೇ ಮತ್ತೆ ಕರೆಸಿದೆ. ಪೈಪಿಗೆ ಇನ್ನೊಂದು ಪೈಪು ಸೇರಿಸಿ, ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸಿ ಕೊನೆಗೆ ಇಳಿದು ಬಂದ.

‘ಟವರ್ಗೂ ನಿಮ್ಗೂ ಮಧ್ಯ ಬಿಲ್ಡಿಂಗ್ ನಿಂತೈತೆ. ಯಾವ್ ಸಿಮ್ ಹಾಕಿದ್ರೂ ಅಷ್ಟೇ ಅಣ್ಣ, ಎಲ್ರದ್ದೂ ಅದೇ ಟವರ್.’

‘ಕೇಬಲ್ ಎಳ್ಕೊಡಪ್ಪ.’

‘ಕೇಬಲ್ ಅವ್ರ ಗೇಟ್ ತಂಕ ಬಂದೈತೆ. ಕಾಂಪೌಂಡ್ ಆಚೆ ಒಂದೇ ಮನೆಗೆ ಎಳೆಯಲ್ವಂತೆ. ನಾನೂ ಕೇಳ್ದೆ.’

ನೀನು ಅವನ ತುಟಿಯನ್ನೇ ನೋಡುತ್ತಿದ್ದೆ. ನಾನು ಕೈಯಲ್ಲಿ ಹೇಳುವ ಮೊದಲೇ ನಿನಗೆ ಗೊತ್ತಾಗಿತ್ತು. ಮೋರಿಗೆ ಒಬ್ಬಳೇ ಹೋಗಬೇಡ, ನಾನು ಬರುತ್ತೇನೆ ಅಂದೆ. ನೀನು ಆಯಿತು ಅಂದೆ. ಎಷ್ಟೋ ಸಲ ಇಬ್ಬರೂ ಹೋದೆವು, ನಾನು ರಸ್ತೆಗೆ ಮುಖ ಮಾಡಿ ನಿಲ್ಲುತ್ತಿದ್ದೆ.

ಅವತ್ತು ನಾನು ಹಣ್ಣಿನ ಲೋಡು ತೆಗೆದುಕೊಂಡು ಹೊಸಕೋಟೆಗೆ ಹೋಗಿದ್ದೆ. ನಿನ್ನ ಎದೆಯ ಹತ್ತಿರ ಫೋನು ನಡುಗಿರಬೇಕು. ಮಗಳು ಕರೆದರೆ ನಾನು ಬರುವವರೆಗೆ ಕಾಯುತ್ತೀಯಾ ನೀನು? ಜೆಲ್ಲಿಕಲ್ಲಿನ ಟಿಪ್ಪರ್, ಅದೇ ಬಿಲ್ಡಿಂಗಿಗೆ ಹೋಗುತ್ತಿದ್ದದ್ದು. ‘ಹಾರ್ನ್ ಹೊಡೆದೆ, ಹೊಡೆದೆ, ಆಯಮ್ಮ ಹಿಂದ್ಹಿಂದಕ್ಕೇ ಬಂದ್ಲು’ ಅಂದನಂತೆ ಡ್ರೈವರ್. ಸುಳ್ಳು ಅನ್ನಿಸಲಿಲ್ಲ ನನಗೆ. ಫೋನಿಗೆ ಏನೂ ಆಗಿರಲಿಲ್ಲ ಅಕ್ಕಯ್ಯಾ. ಕಟ್ಟೆಯ ಮೇಲೆ ಕಲ್ಲಿಗೆ ಒರಗಿ ಹಾಗೇ ನಿಂತಿತ್ತು.

ಚೈತ್ರ ಎಲ್ಲವನ್ನೂ ನೋಡಿದಳು ಅಂತ ನಾನು ಹೆದರಿದ್ದೆ. ಇಲ್ಲ. ನೀನು ‘ಬಾ’ ಅಂದೆಯಂತೆ. ಬಾಗಿಲಲ್ಲಿ ಅತ್ತೆ ಇದ್ದಾಳಾ ಅಂತ ಅವಳು ಒಮ್ಮೆ ಹಿಂದೆ ತಿರುಗಿದಳಂತೆ. ಮತ್ತೆ ಫೋನು ನೋಡಿದರೆ ಬರೀ ರಸ್ತೆ, ಧೂಳು, ಆಮೇಲೆ ಓಡಿ ಬರುವ ಕಾಲುಗಳು. ‘ಉತ್ತರ ಕೊಡಲಿಲ್ಲ ಮಾವ, ನಾನು ಉತ್ತರ ಕೊಡಲೇ ಇಲ್ಲ.’ ನಿನ್ನ ಮಣ್ಣಿಗೆ ಬಂದವಳು ಅದನ್ನೇ ಅನ್ನುತ್ತಿದ್ದಳು.

ತಿಥಿಯ ದಿನ ಎಡೆ ಇಟ್ಟು ಎಲ್ಲರ ಊಟ ಮುಗಿದ ಮೇಲೆ ಮಂಜುನಾಥನೂ ಅವನ ತಾಯಿಯೂ ಪಡಸಾಲೆಯಲ್ಲಿ ಕೂತರು. ‘ಆಗಿದ್ದು ಆಯ್ತು. ಸಂಜೆ ಬಸ್ಸಿಗೆ ಹೊರಡ್ತೀವಿ, ಕಳಿಸ್ಕೊಡಿ’ ಅಂದಳು ಆಕೆ. ನೆಂಟರೆಲ್ಲ ನನ್ನ ಬಾಯಿ ನೋಡಿದರು. ನಾನು ಚೈತ್ರಳ ಕಡೆ ತಿರುಗಿ ಕೈಯಲ್ಲಿ ಕೇಳಿದೆ: ಹೋಗುತ್ತೀಯಾ? ಅವಳು ಕೈಯಲ್ಲೇ ಇಲ್ಲ ಅಂದಳು.

ಮಂಜುನಾಥ ಎದ್ದು ನಿಂತ. ‘ಏನೇ ಅದು? ಮೂಗಿ ಥರ ಕೈ ತಿರುಗಿಸ್ತೀಯ, ಬಾಯಿ ಬಿಟ್ಟು ಹೇಳು.’

‘ಮೂಗಿ ಮಗಳೇ ಕಣೋ ನಾನು’ ಅಂದಳು ನಿನ್ನ ಮಗಳು. ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲಿರಬೇಕು. ‘ಬರಲ್ಲ. ಕೇಳಿಸ್ತಾ? ಬರಲ್ಲ.’

ಅವರು ಬಸ್ಸಿಗೆ ಹೋದರು. ಇವಳು ಮಾರನೆಯ ದಿನ ಠಾಣೆಗೆ ಹೊರಟಳು. ನಾನು ಜೊತೆಗೆ ಹೋದೆ. ಅಲ್ಲಿದ್ದ ಮೇಡಂ ಏನಮ್ಮಾ ಅಂತ ಕೇಳಿದಾಗ ಅಭ್ಯಾಸದಂತೆ ನಾನು ಗಂಟಲು ಸರಿ ಮಾಡಿಕೊಂಡೆ. ‘ಮಾವ, ಸುಮ್ನಿರು’ ಅಂದಳು. ಮದುವೆಯ ಮೊದಲ ವರ್ಷದಿಂದ ಶುರು ಮಾಡಿ ಒಂದನ್ನೂ ಬಿಡದೆ ತಾನೇ ಬಾಯಿಬಿಟ್ಟು ಹೇಳಿದಳು. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ ಅಕ್ಕಯ್ಯಾ. ಅರ್ಧ ನನಗೂ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು ಅನ್ನಿಸುತ್ತದೆ.