ತೊದಲುವ ಕೈ

ಮಾರ್ಚ್ ೧೪, ಗುರುವಾರ

ಮೊಕದ್ದಮೆ ಗೆದ್ದದ್ದಕ್ಕಿಂತ ಆ ನಗುವೇ ತಲೆಯಿಂದ ಇಳಿಯುತ್ತಿಲ್ಲ. ಕಿವಿ ಕೇಳದ ನನ್ನ ಕಕ್ಷಿದಾರಳು ದರ್ಜಿ. ಸರ್ಕಾರಿ ಕಚೇರಿಯ ವಿಚಾರಣೆಗೆ ಗೈರುಹಾಜರಾದಳೆಂದು ಆಕೆಯ ಮಾಸಾಶನ ನಿಲ್ಲಿಸಿದ್ದರು. ಅಂದು ಆಕೆ ಹೊರಗೆ ಬೆಂಚಿನ ಮೇಲೆಯೇ ಕುಳಿತಿದ್ದಳು. ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗಿದ್ದ.

“ಇವರನ್ನ ಕೂಗಿ ಕರೆದ್ರಾ?” ಎಂದು ನ್ಯಾಯಾಧೀಶರು ಇಂದು ಎರಡು ಸಲ ಕೇಳಿದರು. ಮಾಸಾಶನ ಮರಳಿ ಬಂತು.

ಕಲಿತಷ್ಟು ಕೈಸನ್ನೆಯಲ್ಲಿ ಗೆದ್ದೆವೆಂದು ಆಕೆಗೆ ನಾನೇ ಹೇಳಿದೆ. ಆಕೆ ಬಿದ್ದು ಬಿದ್ದು ನಕ್ಕಳು.

“ಬೇಜಾರ್ ಮಾಡ್ಕೋಬೇಡಿ ಸಾರ್, ನಿಮ್ಮ ಕೈ ತೊದಲುತ್ತಂತೆ,” ಎಂದಳು ಅವಳ ತಂಗಿ.

ಮಾತನ್ನೇ ನಂಬಿ ಬದುಕಿದವನು ನಾನು. ಇಷ್ಟು ಖುಷಿಯಾಗಿ ಸೋತದ್ದು ನೆನಪಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ಕೈಯಾಡಿಸುತ್ತಿದ್ದಾಗ ಹೆಂಡತಿ ಇಣುಕಿದಳು.

“ಏನ್ರೀ, ಸೊಳ್ಳೆನಾ?”

ಗೆದ್ದೆವೆಂದು ಅವಳಿಗೂ ಕೈಯಲ್ಲೇ ಹೇಳಿದೆ. ಸೊಳ್ಳೆಬತ್ತಿ ಹಚ್ಚಿಟ್ಟು ಹೋದಳು.