ಹಾಡು ಎತ್ತಿಕೊಡುವವಳಿಗೆ

ಅಡುಗೆಮನೆಯ ಮೇಜು,
ಜುಲೈ ೧೨, ಭಾನುವಾರ ಮಧ್ಯಾಹ್ನ

ನನಗೂ ಈ ಮನೆಗೂ ಯಜಮಾನಿಯಾದವಳೇ,

ಸಕಲರೂ ಎದ್ದುನಿಂತು ಕೇಳಬೇಕಾದ ಪ್ರಕಟಣೆ: ಇಂದು ಬೆಳಿಗ್ಗೆ ಹತ್ತು ಗಂಟೆ ಮೂರು ನಿಮಿಷಕ್ಕೆ, ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನ ಸಮ್ಮುಖದಲ್ಲಿ, ನಿನ್ನ ಗಂಡ ಹಾಡಿದ. ಪೂರ್ತಿ ಮೂರು ಚರಣ. ಗೋಡೆಗಳು ಇನ್ನೂ ನಿಂತಿವೆ. ಪಕ್ಕದ ಮನೆಯವರು ಪೊಲೀಸರನ್ನು ಕರೆಸಿಲ್ಲ.

ವಿವರಕ್ಕೆ ಮುಂಚೆ ನಿನ್ನ ಆರೋಗ್ಯ. ತಂಗಿಯ ಮೊಣಕಾಲಿನ ಆಪರೇಷನ್ನಿಗೆ ಆರೈಕೆ ಮಾಡಲು ಹೋದವಳು ನೀನೇ ಸೋಂಕು ಅಂಟಿಸಿಕೊಂಡು, ಕುಂಟುವ ಅವಳಿಂದಲೇ ಆರೈಕೆ ಮಾಡಿಸಿಕೊಂಡೆ. ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲುತ್ತೀಯಾ? ನಿಲ್ಲುವುದಾದರೆ ಹಾಗೇ ಬರೆ. ‘ಎಲ್ಲ ಸರಿಯಾಗಿದೆ’ ಎಂಬ ನಿನ್ನ ವಾಕ್ಯವನ್ನು ನಾನು ಮದುವೆಯಾದ ವಾರದಿಂದಲೇ ನಂಬಿಲ್ಲ. ಹೋದ ಸಲ ಫೋನಿನಲ್ಲಿ, “ನನ್ನ ಹಾಡು ಮುಗೀತು ರೀ, ಒಂದು ಸಾಲಿಗೂ ದಮ್ಮು ಸಾಲಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಕ್ಕೆ ಪಾಸ್ಟರಿಗೆ ಹೇಳಿ” ಅಂದೆಯಲ್ಲ, ಆ ಮಾತು ತಪ್ಪು ಕೀಲಿಯ ಹಾಗೆ ಒಳಗೆ ಸಿಕ್ಕಿಕೊಂಡಿದೆ. ತಿರುಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ.

ಲಾಕ್‌ಡೌನಿನಿಂದ ಚರ್ಚಿಗೆ ಬೀಗ ಬಿದ್ದು ಇದು ಹದಿನಾಲ್ಕನೆಯ ಭಾನುವಾರ. ಆ ಬೀಗ ಹಾಕಿಕೊಟ್ಟವನೂ ನಾನೇ. ಊರಿನ ಬೀಗಗಳನ್ನೆಲ್ಲ ತೆರೆಯುವವನಿಗೆ ಇದಕ್ಕಿಂತ ದೊಡ್ಡ ಅಣಕ ಬೇಕೆ? ಶನಿವಾರ ಎಣ್ಣೆ ಬಿಡುವ ನೆಪದಲ್ಲಿ ಹೋಗಿ ಕಿಟಕಿಯಲ್ಲಿ ಇಣುಕುತ್ತೇನೆ. ಬಣ್ಣದ ಗಾಜಿನಿಂದ ಬಿದ್ದ ಕೆಂಪು ನೀಲಿ ಬೆಳಕು ಯಾರ ಅಪ್ಪಣೆಯೂ ಇಲ್ಲದೆ ಬೆಂಚಿನಿಂದ ಬೆಂಚಿಗೆ ಜಾಗ ಬದಲಿಸುತ್ತಾ, ಹನ್ನೊಂದರ ಹೊತ್ತಿಗೆ ನಿನ್ನ ಜಾಗದಲ್ಲಿ ಬಂದು ಕೂರುತ್ತದೆ. ಅದು ಏಳುವವರೆಗೆ ನಾನೂ ಹೊರಡುವುದಿಲ್ಲ.

ಬೇರೆಯವರನ್ನು ನೋಡಿಕೊಂಡದ್ದೂ ಆಯಿತು. ನಮ್ಮ ಆರಾಧನೆ ಈಗ ಫೋನಿನಲ್ಲಿ. ನಲವತ್ತು ಮನೆ, ಒಂದೇ ಕರೆ. ಮೊದಮೊದಲು ಎಲ್ಲರೂ ಒಟ್ಟಿಗೆ ಹಾಡಿದೆವು. ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ತಲುಪುವುದರಿಂದ, ಬೇಕರಿಯವನು ಆಮೆನ್ ಅಂದಾಗ ಪೋಸ್ಟ್‌ಮಾಸ್ತರರ ಹೆಂಡತಿ ಎರಡನೆಯ ಚರಣದಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದರು. ಪಾಸ್ಟರು ಯೋಚಿಸಿ ತೀರ್ಪು ಕೊಟ್ಟರು: ಒಬ್ಬರು ಮಾತ್ರ ಹಾಡುವುದು, ಉಳಿದವರು ಮೈಕ್ ಆಫ್ ಮಾಡಿಕೊಂಡು ತಮ್ಮ ತಮ್ಮ ಮನೆಯಲ್ಲಿ ದನಿಗೂಡಿಸುವುದು. ಗಣಿತದ ಮೇಷ್ಟ್ರು ಎತ್ತಿದ ಶ್ರುತಿಗೆ ಮೂರನೆಯ ಸಾಲಿನ ಹೊತ್ತಿಗೆ ಬೀದಿನಾಯಿಗಳು ಮಾತ್ರ ಜೊತೆ ಕೊಟ್ಟವು. ದರ್ಜಿ ಎಷ್ಟು ಕೆಳಗಿನಿಂದ ಶುರುಮಾಡಿದನೆಂದರೆ, ಅವನು ನೆಲಮಾಳಿಗೆಯಲ್ಲಿ ಬಿದ್ದಿದ್ದಾನೆಂದು ಹೆದರಿದೆವು. ಕೊನೆಗೆ ಪಾಸ್ಟರು, “ಹಾಡು ಎತ್ತಿಕೊಡೋ ಅಮ್ಮನ ಪಕ್ಕದಲ್ಲೇ ಮೂವತ್ತಾರು ವರ್ಷ ಕೂತಿದ್ದೀರಲ್ಲ, ಸ್ವಲ್ಪನಾದ್ರೂ ಅಂಟಿರುತ್ತೆ, ನೀವೇ ಹಾಡಿ” ಅಂದರು.

ಹಾಡಿದೆ. ಎದುರಿಗೆ ಯಾರೂ ಇಲ್ಲದೆ, ಯಾರ ದನಿಯೂ ಕೇಳದೆ ಹಾಡುವುದು ಎಂಥದೋ ವಿಚಿತ್ರ ಸುಖ ಕಣೇ. ಕಣ್ಣು ಮುಚ್ಚಿದರೆ ಅಡುಗೆಮನೆಯ ಗೋಡೆ ಕರಗಿಹೋಯಿತು. ನಲವತ್ತು ಅಡುಗೆಮನೆಗಳು ಒಂದಕ್ಕೊಂದು ಬಾಗಿಲು ತೆರೆದುಕೊಂಡವು. ಒದ್ದೆ ತಲೆಗೆ ಟವೆಲು ಸುತ್ತಿದವರು, ಒಲೆಯ ಮೇಲೆ ಹಾಲಿಟ್ಟವರು, ಬರಿಗಾಲಿನವರು, ಎಲ್ಲರೂ ಹಾಡುತ್ತಾ ಒಂದು ಉದ್ದನೆಯ ಕೋಣೆಯಲ್ಲಿ ತೇಲಿಬಂದ ಹಾಗೆ. ಆ ಕೋಣೆಗೆ ನಾನೇ ಛಾವಣಿ ಎತ್ತಿ ಹಿಡಿದಿದ್ದೇನೆ ಅನ್ನಿಸಿ, ಕೊನೆಯ ಚರಣದಲ್ಲಿ ಕಣ್ಣಲ್ಲಿ ನೀರೂ ಬಂತು. ನಗಬೇಡ.

ಹಾಡು ಮುಗಿದು ಮೈಕುಗಳು ಒಂದೊಂದಾಗಿ ತೆರೆದುಕೊಂಡವು. ನಾನು ಗಂಭೀರವಾಗಿ ಅಭಿನಂದನೆಗೆ ಕಾದೆ. ಆಮೇಲೆ ಪಾಸ್ಟರು ಸಂಕೋಚದಿಂದ, “ಎಲ್ಲರೂ ಹಾಡಿದ್ರಾ?” ಎಂದರು. ಬೇಕರಿಯವನು, “ಇಲ್ಲ, ಇವರು ಯಾವಾಗ ಶುರು ಮಾಡ್ತಾರೆ ಅಂತ ಕಾಯ್ತಿದ್ದೆ, ನೋಡಿದ್ರೆ ಮುಗಿಸೇಬಿಟ್ರು” ಅಂದ. ಮೇಷ್ಟ್ರೂ ಅಷ್ಟೇ, ದರ್ಜಿಯೂ ಅಷ್ಟೇ. ನಲವತ್ತು ಮನೆಗಳಲ್ಲಿ ಒಂದೇ ಒಂದು ನರಪ್ರಾಣಿಯೂ ಬಾಯಿ ತೆರೆದಿರಲಿಲ್ಲ. ನಿನ್ನ ಗಂಡ ಕಣ್ಣೀರಿಟ್ಟು ಹಾಡಿದ್ದು ಒಂದು ಸಕ್ಕರೆ ಡಬ್ಬಿಗೆ.

ಎಲ್ಲರೂ ನಿನ್ನನ್ನು ಕೇಳಿದ್ದಾರೆ. ನಿನ್ನ ತಂಗಿಗೆ ನನ್ನ ಆಶೀರ್ವಾದ. ಅವಳ ಮೊಣಕಾಲಿಗೆ ಪ್ರತ್ಯೇಕ ಆಶೀರ್ವಾದ. ರಸ್ತೆ ತೆರೆದ ದಿನವೇ ಬಂದು ನಿನ್ನನ್ನು ಕರೆತರುತ್ತೇನೆ. ಅಲ್ಲಿಯತನಕ ದೇವರು ನಿನ್ನ ಎದೆಗೂಡನ್ನು ಬೆಚ್ಚಗಿಟ್ಟಿರಲಿ.

ಇಂತು ನಿನ್ನ,
ಬೀಗದ ಮನುಷ್ಯ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪೋಸ್ಟ್‌ಮಾಸ್ತರರ ಹೆಂಡತಿ ಫೋನ್ ಮಾಡಿದ್ದರು. “ನಿಮ್ಮ ತಪ್ಪಲ್ಲ ಅಣ್ಣಾ. ಹಾಡೋಕೆ ಮುಂಚೆ ಅಕ್ಕ ಒಂದು ಉಸಿರು ಎಳ್ಕೊಳ್ತಿದ್ರಲ್ಲ, ಅದು ಕೇಳಿದ್ರೇನೇ ನಮಗೆಲ್ಲ ಬಾಯಿ ತೆರೆಯೋದು. ಇಷ್ಟು ದಿನ ನಮಗೂ ಗೊತ್ತಿರಲಿಲ್ಲ ನೋಡಿ” ಅಂದರು. ನೀನಿರುವ ಕಡೆ ಸಿಗ್ನಲ್ ಇಲ್ಲ ಎಂದು ಪಾಸ್ಟರಿಗೆ ಹೇಳಿದ್ದೀಯಂತೆ. ನಿನ್ನ ತಂಗಿಯನ್ನು ಕೇಳಿದೆ, ಅಡುಗೆಮನೆಯ ಕಿಟಕಿಯ ಹತ್ತಿರ ಬೇಕಾದಷ್ಟಿದೆಯಂತೆ. ಹಾಡಬೇಡ, ಹಾಡು ಎಂದು ಯಾರೂ ಕೇಳುವುದಿಲ್ಲ. ಬರುವ ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಫೋನ್ ಎತ್ತು. ಪಾಸ್ಟರು ಹಾಡಿನ ಸಂಖ್ಯೆ ಹೇಳಿದ ಕೂಡಲೇ, ನಿನಗೆ ಎಷ್ಟು ಸಾಧ್ಯವೋ ಅಷ್ಟೇ, ಒಂದು ಉಸಿರು ಎಳೆದುಕೊ. ಮೈಕ್ ಆಫ್ ಮಾಡಿರಬೇಡ.